ಹಣ ಕೊಡುವವರು ಬಣ್ಣವನ್ನೂ ಕೇಳಿದಾಗ

ಪ್ರಶ್ನೆ: ಕೊಡಗಿನ ಸಿದ್ದಾಪುರದ ಸಮೀಪದ ನಮ್ಮ ಫುಟ್ಬಾಲ್ ಕ್ಲಬ್ಬಿಗೆ 30 ವರ್ಷ ದಾಟಿದೆ. ತೋಟದ ಕಾರ್ಮಿಕರ ಲೈನ್ ಮನೆಗಳ ಹುಡುಗರು ಕಾಫಿ ಕಣದಲ್ಲಿ ಆಡುತ್ತಾ ಕಟ್ಟಿದ ತಂಡ ಇದು. ಹಳದಿ ಜರ್ಸಿ, ಕಪ್ಪು ಚಡ್ಡಿ, ಎದೆಯ ಮೇಲೆ ಸಲಗದ ಲಾಂಛನ. ಈಗ ಆ ತೋಟವನ್ನು ಕೊಂಡು ರೆಸಾರ್ಟ್ ಕಟ್ಟಿರುವ ಉದ್ಯಮಿಯೊಬ್ಬರು ಕ್ಲಬ್ಬನ್ನೂ ವಹಿಸಿಕೊಳ್ಳುತ್ತೇನೆ, ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ 5 ವರ್ಷ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದಕ್ಕೆ ಬದಲಾಗಿ ತಂಡಕ್ಕೆ ರೆಸಾರ್ಟಿನ ಹೆಸರು, ರೆಸಾರ್ಟಿನ ಲಾಂಛನ, ಕಡು ಹಸಿರು ಮತ್ತು ಕಾಫಿ ಕಂದು ಬಣ್ಣದ ಜರ್ಸಿ ಬೇಕಂತೆ. ಹಳೆಯ ಜರ್ಸಿಗಳನ್ನೂ ತಮಗೆ ಒಪ್ಪಿಸಬೇಕೆಂದು ಕೇಳಿದ್ದಾರೆ. ಸಮಿತಿಯಲ್ಲಿ ಅರ್ಧದಷ್ಟು ಜನ ಒಪ್ಪಿದ್ದಾರೆ, ಹಳೆಯ ಆಟಗಾರರು ಮಾತು ಬಿಟ್ಟಿದ್ದಾರೆ. ಬಣ್ಣ ಬಿಟ್ಟುಕೊಟ್ಟರೆ ನಿಜಕ್ಕೂ ಏನು ಹೋಗುತ್ತದೆ? ಕಾನೂನಿನಲ್ಲಿ ನಮಗೆ ಏನು ಆಧಾರವಿದೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಣವನ್ನು ಪಡೆಯಿರಿ, ರೆಸಾರ್ಟಿನ ಹೆಸರಿಗೆ ಜರ್ಸಿಯ ಎದೆಯ ಮೇಲೆ ದೊಡ್ಡದಾಗಿಯೇ ಜಾಗ ಕೊಡಿ, ಆದರೆ ಹಳದಿ ಬಣ್ಣ, ಕ್ಲಬ್ಬಿನ ಹೆಸರು ಮತ್ತು ಸಲಗ ಈ ಮೂರನ್ನೂ ಒಪ್ಪಂದದಿಂದ ಹೊರಗಿಡಿ, ಹೊರಗಿಟ್ಟಿದ್ದೇವೆ ಎಂಬುದನ್ನು ಒಪ್ಪಂದದಲ್ಲಿಯೇ ಬರೆಸಿ. ವರ್ಷಕ್ಕೆ 5 ಲಕ್ಷ ರೂಪಾಯಿ ಎಂದರೆ ನಮ್ಮ ಜಿಲ್ಲೆಯ ಹಳ್ಳಿ ತಂಡವೊಂದಕ್ಕೆ ಸಣ್ಣ ಮೊತ್ತವಲ್ಲ. ಹುಡುಗರ ಬೂಟು, ಚೆಂಡು, ಸುಂಟಿಕೊಪ್ಪದ ಗೋಲ್ಡ್ ಕಪ್ಪಿಗೆ ಹೋಗಿಬರುವ ಜೀಪಿನ ಬಾಡಿಗೆ, ಮಂಡಿ ತಿರುಚಿಕೊಂಡವನ ಸ್ಕ್ಯಾನಿಂಗ್ ಖರ್ಚು ಇವನ್ನೆಲ್ಲ ವರ್ಷಗಟ್ಟಲೆ ಕೈಯಿಂದ ಹಾಕಿ ಸೋತಿರುವ ಕಾರ್ಯದರ್ಶಿಯೊಬ್ಬರು ಒಪ್ಪಿಬಿಡೋಣ ಎಂದರೆ ಅವರನ್ನು ದೂರುವಂತಿಲ್ಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಅಭಿಮಾನದ ನಾಲ್ಕು ಮಾತು ಹೇಳಿ ಮುಗಿಸುವುದು ಸರಿಯಲ್ಲ. ಬೇರೆ ಕಡೆ ಇಂಥದ್ದು ನಡೆದಾಗ ಏನಾಯಿತು ಎಂಬುದನ್ನು ನೋಡೋಣ.

ಬಣ್ಣ ಬದಲಾಯಿಸುವುದೇ ಪಾಪವೆಂದು ನಾನು ಹೇಳುವುದಿಲ್ಲ. ಇಟಲಿಯ ಯುವೆಂಟಸ್ ತಂಡ ಮೊದಲು ಗುಲಾಬಿ ಅಂಗಿಯಲ್ಲಿ ಆಡುತ್ತಿತ್ತು. 1903ರಲ್ಲಿ ಇಂಗ್ಲೆಂಡಿನ ನಾಟ್ಸ್ ಕೌಂಟಿ ತಂಡದ ಕಪ್ಪು ಬಿಳಿ ಪಟ್ಟೆಯ ಅಂಗಿಗಳನ್ನು ತರಿಸಿಕೊಂಡ ಮೇಲೆ ಅದೇ ಅದರ ಗುರುತಾಯಿತು. ಲೀಡ್ಸ್ ಯುನೈಟೆಡ್‌ಗೆ 1961ರಲ್ಲಿ ವ್ಯವಸ್ಥಾಪಕರಾದ ಡಾನ್ ರೆವಿ ನೀಲಿ ಮತ್ತು ಚಿನ್ನದ ಬಣ್ಣವನ್ನು ಬಿಡಿಸಿ, ರಿಯಲ್ ಮ್ಯಾಡ್ರಿಡ್ ತಂಡದಂತೆ ಆಡಬೇಕೆಂಬ ಹಂಬಲದಿಂದ ಅಪ್ಪಟ ಬಿಳಿಯನ್ನು ತಂದರು. ಇಂದು ಲೀಡ್ಸ್‌ನ ಅಭಿಮಾನಿಯಿಂದ ಆ ಬಿಳಿಯನ್ನು ಕಿತ್ತುಕೊಳ್ಳಲು ಹೋದರೆ ಅವನು ಬಿಡಲಾರ. ಈ ಬದಲಾವಣೆಗಳನ್ನು ಮಾಡಿದವರು ತಂಡದ ಒಳಗಿದ್ದವರು, ಆಟದ ಕಾರಣಕ್ಕಾಗಿ ಮಾಡಿದರು ಮತ್ತು ಮಾಡಿದ ಮೇಲೆ ಅಲ್ಲಿಯೇ ಉಳಿದು ಬೆವರು ಹರಿಸಿದರು. ಹೊರಗಿನಿಂದ ಬಂದ ಒಡೆಯರು ತಮ್ಮ ಇನ್ನೊಂದು ವ್ಯಾಪಾರದ ಗುರುತನ್ನು ತಂಡಕ್ಕೆ ತೊಡಿಸುವುದು ಬೇರೆಯೇ ಸಂಗತಿ.

ಅದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ವೇಲ್ಸ್‌ನ ಕಾರ್ಡಿಫ್ ಸಿಟಿ. ಅದರ ಅಡ್ಡಹೆಸರೇ ನೀಲಿ ಹಕ್ಕಿಗಳು ಎಂದು. ನೂರು ವರ್ಷಕ್ಕೂ ಹೆಚ್ಚು ಕಾಲ ನೀಲಿ ತೊಟ್ಟ ತಂಡ ಅದು, 1927ರಲ್ಲಿ ಆರ್ಸೆನಲ್ ತಂಡವನ್ನು 1-0ರಿಂದ ಸೋಲಿಸಿ ಎಫ್‌ಎ ಕಪ್ಪನ್ನು ಇಂಗ್ಲೆಂಡಿನ ಹೊರಗೆ ಕೊಂಡೊಯ್ದ ಏಕೈಕ ತಂಡ. ಮಲೇಷ್ಯಾದ ಉದ್ಯಮಿ ವಿನ್ಸೆಂಟ್ ಟಾನ್ 2010ರಲ್ಲಿ ಕ್ಲಬ್ಬಿಗೆ ಬಂದರು. 2012ರ ಮೇ ತಿಂಗಳಲ್ಲಿ ಜರ್ಸಿಯನ್ನು ಕೆಂಪು ಮಾಡುವ ಯೋಜನೆ ಹೊರಬಿದ್ದಾಗ ಅಭಿಮಾನಿಗಳು ಸಿಡಿದೆದ್ದರು, ಯೋಜನೆಯನ್ನು ಕೈಬಿಟ್ಟೆವೆಂದು ಕ್ಲಬ್ ಹೇಳಿತು. ಜೂನ್ ತಿಂಗಳಲ್ಲಿ ಅದೇ ಯೋಜನೆ ಜಾರಿಗೆ ಬಂತು. ಏಷ್ಯಾದ ಮಾರುಕಟ್ಟೆಯಲ್ಲಿ ಕೆಂಪು ಶುಭದ ಬಣ್ಣ, ಕೆಂಪು ಡ್ರ್ಯಾಗನ್ ವೇಲ್ಸ್ ದೇಶದ ಬಾವುಟದಲ್ಲೂ ಇದೆ, ಬದಲಾವಣೆ ಒಪ್ಪಿದರೆ ದೊಡ್ಡ ಹೂಡಿಕೆ ಬರುತ್ತದೆ ಎಂಬ ವಾದಗಳಿದ್ದವು. ಲಾಂಛನದಲ್ಲಿ ಡ್ರ್ಯಾಗನ್ ದೊಡ್ಡದಾಗಿ ಕುಳಿತು, ನೀಲಿ ಹಕ್ಕಿ ಕೆಳಗೆ ಒಂದು ಮೂಲೆ ಸೇರಿತು.

ಇಲ್ಲಿಂದ ಮುಂದಿನದನ್ನು ನಿಮ್ಮ ಸಮಿತಿಯ ಎರಡೂ ಬಣದವರು ಗಮನವಿಟ್ಟು ಓದಬೇಕು. ಕೆಂಪು ಅಂಗಿಯ ಮೊದಲ ವರ್ಷವೇ ಕಾರ್ಡಿಫ್ ಎರಡನೇ ದರ್ಜೆಯ ಲೀಗನ್ನು ಗೆದ್ದು, 1962ರ ನಂತರ ಮೊದಲ ಬಾರಿಗೆ ಅಗ್ರ ದರ್ಜೆಗೆ ಏರಿತು. ಅರ್ಧ ಶತಮಾನ ಕಾದ ಅಭಿಮಾನಿಗಳಿಗೆ ಬೇಕಾದದ್ದು ಸಿಕ್ಕಿತು, ಹಣ ಹಾಕಿದವರ ಮಾತು ನಿಜವಾಯಿತು. ಗೆಲುವು ಬಂದರೆ ಬಣ್ಣದ ಮಾತು ತಾನಾಗಿ ಅಡಗುತ್ತದೆ ಎಂಬ ವಾದ ಸರಿಯಾಗಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು. ಮುಗಿಯಲಿಲ್ಲ. 2014ರಲ್ಲಿ ತಂಡ ಕೊನೆಯ ಸ್ಥಾನಕ್ಕಿಳಿದು ಮತ್ತೆ ಕೆಳಗೆ ಬಿತ್ತು, ಪ್ರತಿಭಟನೆ ಮುಂದುವರಿಯಿತು, ಮತ್ತು 2015ರ ಜನವರಿಯಲ್ಲಿ ಟಾನ್ ಅವರೇ ನೀಲಿಗೆ ಮರಳುವುದಾಗಿ ಪ್ರಕಟಿಸಿದರು. ಒಗ್ಗಟ್ಟು ಮತ್ತು ನೆಮ್ಮದಿ ಮುಖ್ಯವೆಂದು ತಮ್ಮ ತಾಯಿ ತಿಳಿಹೇಳಿದ್ದನ್ನು ಅವರು ಆಗ ನೆನೆದರು. ಮರುದಿನವೇ ಫುಲ್ಹಮ್ ವಿರುದ್ಧ ತಂಡ ನೀಲಿ ಅಂಗಿಯಲ್ಲಿ ಆಡಿ ಗೆದ್ದಿತು. ಆ ಮನುಷ್ಯನನ್ನು ಖಳನಾಯಕನಂತೆ ಬಿಂಬಿಸುವುದು ನನಗೆ ಇಷ್ಟವಿಲ್ಲ. ತಪ್ಪನ್ನು ತಿದ್ದಿಕೊಳ್ಳುವ ದೊಡ್ಡತನ ಅವರಲ್ಲಿತ್ತು. ಆದರೆ ಆ ಎರಡೂವರೆ ವರ್ಷ ಮನೆಮನೆಯಲ್ಲಿ ಬಿದ್ದ ಬಿರುಕನ್ನು ಯೋಚಿಸಿ. ನಿಮ್ಮಲ್ಲಿ ಹಳೆಯ ಆಟಗಾರರು ಈಗಾಗಲೇ ಮಾತು ಬಿಟ್ಟಿದ್ದಾರೆ ಎಂದು ಬರೆದಿದ್ದೀರಿ, ಅದೂ ಇನ್ನೂ ಒಂದು ರೂಪಾಯಿ ಕೈ ಬದಲಾಗುವ ಮೊದಲು.

ಒಡೆಯರು ಮಣಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸಾಕ್ಷಿ. 1933ರಲ್ಲಿ ಹುಟ್ಟಿದ ಅಲ್ಲಿನ ತಂಡದ ಬಣ್ಣ ನೇರಳೆ ಮತ್ತು ಬಿಳಿ. 2005ರಲ್ಲಿ ರೆಡ್ ಬುಲ್ ಎಂಬ ಪಾನೀಯ ಕಂಪನಿ ಅದನ್ನು ಕೊಂಡು ಹೆಸರು, ಲಾಂಛನ, ಬಣ್ಣ ಮೂರನ್ನೂ ಬದಲಿಸಿತು. ಅಭಿಮಾನಿಗಳ ಜೊತೆ ಮಾತುಕತೆ ನಡೆದಾಗ ನೇರಳೆಗೆ ಉಳಿಸಿಕೊಡಲು ಬಂದ ಜಾಗ ಗೋಲ್‌ಕೀಪರನ ಕಾಲುಚೀಲ, ನಾಯಕನ ತೋಳುಪಟ್ಟಿಯಂಥವು. ಅವರು ಎದ್ದುಬಂದು, ಹಳೆಯ ಹೆಸರಿನಲ್ಲೇ ಹೊಸ ಕ್ಲಬ್ ಕಟ್ಟಿ, ಏಳನೇ ದರ್ಜೆಯಿಂದ ಆಟ ಶುರುಮಾಡಿದರು. ರೆಡ್ ಬುಲ್ಲಿನ ಕೆಂಪು ತಂಡ 2014ರಿಂದ 2023ರ ತನಕ ಸತತ ಹತ್ತು ಬಾರಿ ದೇಶದ ಚಾಂಪಿಯನ್ ಆಯಿತು. ನೇರಳೆ ತಂಡ ಸಣ್ಣ ಮೈದಾನಗಳಲ್ಲಿ ಆಡುತ್ತಲೇ ಉಳಿಯಿತು. ಊರು ದೊಡ್ಡದಾದ್ದರಿಂದ ಎರಡು ತಂಡಗಳನ್ನು ಸಾಕಬಲ್ಲದು. ಒಂದೇ ಮೈದಾನ, ಇಪ್ಪತ್ತು ಇಪ್ಪತ್ತೈದು ಆಟಗಾರರು ಇರುವ ನಿಮ್ಮ ಊರಿನಲ್ಲಿ ತಂಡ ಒಡೆದರೆ ಎರಡರಲ್ಲಿ ಒಂದೂ ಹನ್ನೊಂದು ಜನರನ್ನು ಇಳಿಸುವುದು ಕಷ್ಟ.

ನಮ್ಮ ದೇಶದ ಉದಾಹರಣೆ ನಿಮಗೆ ಗೊತ್ತೇ ಇದೆ. 2020ರ ಜನವರಿಯಲ್ಲಿ ಎಟಿಕೆ ತಂಡದ ಮಾಲೀಕರು ಕೋಲ್ಕತ್ತದ ಮೋಹನ್ ಬಗಾನ್ ಫುಟ್ಬಾಲಿನ ಶೇ. 80 ಪಾಲನ್ನು ಪಡೆದರು. 1889ರ ಕ್ಲಬ್ಬು, 1911ರಲ್ಲಿ ಬರಿಗಾಲಿನಲ್ಲಿ ಆಡಿ ಬ್ರಿಟಿಷ್ ಸೈನಿಕರ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಹೆಸರು. ಹೊಸ ಮಾಲೀಕರು ಹಸಿರು-ಕಡುಗೆಂಪು ಜರ್ಸಿಯನ್ನೂ ಲಾಂಛನದ ಹಾಯಿದೋಣಿಯನ್ನೂ ಮುಟ್ಟಲಿಲ್ಲ, ಅದು ವಿವೇಕ. ಆದರೆ ಹೆಸರಿನ ಮುಂದೆ ತಮ್ಮ ಹಳೆಯ ತಂಡದ ಮೂರಕ್ಷರವನ್ನು ಸೇರಿಸಿದರು. ಆ ಮೂರಕ್ಷರ ತೆಗೆಯಿರಿ ಎಂಬ ಕೂಗು ಮೂರು ವರ್ಷ ನಿಲ್ಲಲೇ ಇಲ್ಲ. ಕೊನೆಗೆ 2023ರ ಮಾರ್ಚ್ 18ರಂದು, ಗೋವಾದ ಫತೋರ್ಡಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಐಎಸ್‌ಎಲ್ ಕಪ್ ಗೆದ್ದ ರಾತ್ರಿ, ಮಾಲೀಕರಾದ ಸಂಜೀವ್ ಗೋಯೆಂಕಾ ಅವರೇ ಆ ಅಕ್ಷರಗಳನ್ನು ಕೈಬಿಡುವುದಾಗಿ ಹೇಳಿದರು. ಕಪ್ಪಿನಷ್ಟೇ ದೊಡ್ಡ ಸುದ್ದಿಯಾಗಿ ಕೋಲ್ಕತ್ತ ಅದನ್ನು ಸ್ವೀಕರಿಸಿತು.

ಈ ವಿಚಾರ ಕೊಡಗಿನವರಿಗೆ ಹೊಸದೇನಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನೇ ನೋಡಿ. ಆತಿಥ್ಯ ವಹಿಸುವ ಕುಟುಂಬ ವರ್ಷವರ್ಷವೂ ಬದಲಾಗುತ್ತದೆ, ಕಪ್ಪಿಗೆ ಆ ವರ್ಷ ಅವರದೇ ಹೆಸರು, ಲಾಂಛನವೂ ಹೊಸದು. ಆದರೆ ಮೈದಾನಕ್ಕಿಳಿಯುವ 300ಕ್ಕೂ ಹೆಚ್ಚು ತಂಡಗಳಲ್ಲಿ ಪ್ರತಿಯೊಂದೂ ತನ್ನ ಒಕ್ಕದ, ಅಂದರೆ ಮನೆತನದ, ಹೆಸರಿನಲ್ಲಿಯೇ ಆಡುತ್ತದೆ. ಪಂದ್ಯಾವಳಿಯ ಹೆಸರು ಅತಿಥಿಯಂತೆ ಬಂದುಹೋಗಬಹುದು, ತಂಡದ ಹೆಸರು ಮನೆಯವರದ್ದು. ನಿಮ್ಮ ಉದ್ಯಮಿಗೆ ಇದನ್ನು ಹೀಗೆಯೇ ಹೇಳಿ ನೋಡಿ. ಇಲ್ಲಿ ತೋಟ ಕೊಂಡವರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಅವರ ಹೆಸರಿನಲ್ಲಿ ಒಂದು ಪಂದ್ಯಾವಳಿಯನ್ನೇ ನಡೆಸಿಕೊಡುವ ಪ್ರಸ್ತಾಪವನ್ನೂ ಮುಂದಿಡಬಹುದು.

ಬಣ್ಣದ ಬಗ್ಗೆ ಇನ್ನೊಂದು ಮಾತಿದೆ, ಅದು ಕೇವಲ ಕಣ್ಣಿಗೆ ಸಂಬಂಧಿಸಿದ್ದು. ನಾನು ಈ ಜಿಲ್ಲೆಯ ಮೈದಾನಗಳಲ್ಲಿ ಹಲವು ವರ್ಷ ರೆಫರಿಯಾಗಿದ್ದವನು. ಏಪ್ರಿಲ್ ಕೊನೆಯ ಒಂದು ಸಂಜೆ, ಮಧ್ಯಂತರದ ಹೊತ್ತಿಗೆ ಮಳೆ ಸುರಿದು ನಿಂತ ಪಂದ್ಯವೊಂದು ಇಂದಿಗೂ ನೆನಪಿದೆ. ಕಂದು ಜರ್ಸಿಯ ಒಂದು ತಂಡ, ಕಡು ಕೆಂಪಿನ ಇನ್ನೊಂದು. ಹತ್ತು ನಿಮಿಷದಲ್ಲಿ ಕೆಮ್ಮಣ್ಣಿನ ಕೆಸರು ಎಲ್ಲರ ಬೆನ್ನಿಗೂ ಮೆತ್ತಿತು, ಗೋಲಿನ ಮುಂದೆ ಎಂಟು ಜನ ಒಟ್ಟಿಗೆ ಬಿದ್ದಾಗ ಚೆಂಡಿಗೆ ಕೈ ತಗುಲಿಸಿದವನು ಯಾವ ತಂಡದವನೆಂದು ನನಗೆ ತಿಳಿಯಲಿಲ್ಲ. ಸಿಳ್ಳೆ ಊದಿ ಆಟ ನಿಲ್ಲಿಸಿ, ಒಂದು ತಂಡಕ್ಕೆ ಕಿತ್ತಳೆ ಬಣ್ಣದ ಬಿಬ್ ತೊಡಿಸಿ ಮುಂದುವರಿಸಿದೆ. ಎರಡು ತಂಡಗಳೂ ಪರಸ್ಪರ ಮತ್ತು ಪಂದ್ಯದ ಅಧಿಕಾರಿಗಳಿಗಿಂತ ಸ್ಪಷ್ಟವಾಗಿ ಬೇರೆ ಕಾಣುವ ಬಣ್ಣ ತೊಡಬೇಕೆಂದು ಆಟದ ನಾಲ್ಕನೇ ನಿಯಮ ಹೇಳುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಯ ಕಾಲದಲ್ಲಿ, ಸುತ್ತಲೂ ಹಸಿರು, ಕಾಲ ಕೆಳಗೆ ಕೆಮ್ಮಣ್ಣು, ಸಂಜೆ ಐದಕ್ಕೇ ಮರಗಳ ನೆರಳು ಮುಸುಕುವ ನಮ್ಮ ಮೈದಾನಗಳಲ್ಲಿ ಕಡು ಹಸಿರು ಮತ್ತು ಕಾಫಿ ಕಂದು ಎಂಬುದು ಅತಿ ಕೆಟ್ಟ ಆಯ್ಕೆ. ಓಡುತ್ತಿರುವ ಜೊತೆಗಾರನನ್ನು ಕಣ್ಣಂಚಿನಲ್ಲೇ ಗುರುತಿಸಿ ಚೆಂಡು ಕಳಿಸುವ ಆಟಗಾರನಿಗೆ ನಿಮ್ಮ ಹಳದಿ ಎಷ್ಟು ಸಹಾಯ ಮಾಡುತ್ತಿದೆ ಎಂಬುದು ಅದು ಹೋದ ಮೇಲೆಯೇ ತಿಳಿದೀತು.

ನನ್ನ ಸ್ವಂತ ಅನುಭವವೂ ಒಂದಿದೆ. ದಕ್ಷಿಣ ಕೊಡಗಿನ ತಂಡವೊಂದರ ಕಾರ್ಯದರ್ಶಿಯಾಗಿದ್ದಾಗ ನಾನೇ ಮುಂದೆ ನಿಂತು ಇಂಥದ್ದೊಂದು ಪ್ರಸ್ತಾಪವನ್ನು ಒಪ್ಪಿಸಿದೆ. ತಂಡದ ಹೆಸರು ಪ್ರಾಯೋಜಕರ ಹೆಸರಾಯಿತು, ನೀಲಿ ಹೋಗಿ ಕಿತ್ತಳೆ ಬಂತು. ಎರಡು ವರ್ಷ ಹಣ ಬಂತು, ಮೂರನೇ ವರ್ಷ ಅವರ ವ್ಯಾಪಾರ ಕುಸಿದು ಫೋನ್ ಎತ್ತುವವರೇ ಇಲ್ಲವಾದರು. ಪಂದ್ಯಾವಳಿಗಳ ದಾಖಲೆಯಲ್ಲಿ ನಾವು ಹೊಸ ಹೆಸರಿನವರು. ಹಳೆಯ ಹೆಸರಿನಲ್ಲಿ ಮತ್ತೆ ನೋಂದಾಯಿಸಲು ಹೊರಟರೆ ಅದು ಇನ್ನೊಂದು ತಂಡವೆಂದು ಪರಿಗಣಿಸಿ ಕೆಳಗಿನ ಹಂತದಿಂದ ಬನ್ನಿ ಎಂದರು. ಒಪ್ಪಂದದಲ್ಲಿ ಹಿಂದಿರುಗುವ ದಾರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ, ಏಕೆಂದರೆ ಅದನ್ನು ಬರೆದವನು ನಾನು ಮತ್ತು ನನಗೆ ಅದು ಹೊಳೆದಿರಲಿಲ್ಲ. ನಿಮಗೆ ಇಷ್ಟು ದೀರ್ಘವಾಗಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಇನ್ನು ಕಾನೂನು. ನಿಮ್ಮ ಕ್ಲಬ್ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಾಯಿತ ಸಂಘವಾಗಿದ್ದರೆ, ಮೊದಲಿಗೆ ತಿಳಿಯಬೇಕಾದ್ದು ಏನೆಂದರೆ ಅದನ್ನು ಮಾರಲು ಬರುವುದಿಲ್ಲ. ಸಂಘಕ್ಕೆ ಷೇರುಗಳಿಲ್ಲ, ಅಧ್ಯಕ್ಷರಾಗಲಿ ಸಮಿತಿಯಾಗಲಿ ಅದರ ಒಡೆಯರಲ್ಲ. ಹೆಸರು ಬದಲಿಸಬೇಕಾದರೆ ಸರ್ವ ಸದಸ್ಯರ ಸಭೆಯಲ್ಲಿ ನಿರ್ಣಯವಾಗಿ, ಅದು ಜಿಲ್ಲಾ ಸಂಘಗಳ ನೋಂದಣಾಧಿಕಾರಿಯವರ ಕಚೇರಿಯಲ್ಲಿ ದಾಖಲಾಗಬೇಕು. ಸಮಿತಿಯ ಅರ್ಧದಷ್ಟು ಜನ ಒಪ್ಪಿದ್ದಾರೆ ಎಂಬುದರಿಂದ ಹೆಸರು ಬದಲಾಗುವುದಿಲ್ಲ. ಹಾಗಾಗಿ ವಹಿಸಿಕೊಳ್ಳುತ್ತೇನೆ ಎನ್ನುವವರಿಗೆ ಉಳಿಯುವ ದಾರಿಗಳು ಕಡಿಮೆ: ಪ್ರಾಯೋಜಕತ್ವದ ಒಪ್ಪಂದ ಮಾಡಿಕೊಳ್ಳುವುದು, ಬೇರೆ ಕಂಪನಿ ಮಾಡಿ ಆಟಗಾರರನ್ನು ಅಲ್ಲಿಗೆ ಎಳೆದುಕೊಳ್ಳುವುದು, ಇಲ್ಲವೇ ತಮ್ಮವರನ್ನು ಸದಸ್ಯರನ್ನಾಗಿ ಸೇರಿಸಿ ಸಭೆಯಲ್ಲಿ ಬಹುಮತ ಮಾಡಿಕೊಳ್ಳುವುದು. ಮೂರನೆಯದರ ಬಗ್ಗೆ ಎಚ್ಚರವಿರಲಿ. ಸದಸ್ಯತ್ವದ ಪುಸ್ತಕವನ್ನು ಇಂದೇ ತೆರೆದು, ಯಾರು ಚಂದಾ ಕಟ್ಟಿದ್ದಾರೆ, ಯಾರದು ಬಾಕಿಯಿದೆ ಎಂದು ನೋಡಿ. ಮಾತು ಬಿಟ್ಟಿರುವ ಹಳೆಯ ಆಟಗಾರರು ಚಂದಾ ಕಟ್ಟದೆ ಮತದ ಹಕ್ಕು ಕಳೆದುಕೊಂಡಿದ್ದರೆ, ಅವರ ಮನೆಗೆ ಹೋಗಿ ಕರೆತರುವ ಕೆಲಸ ಮೊದಲು ಆಗಬೇಕು. ಬೈಲಾದಲ್ಲಿ ಇದುವರೆಗೆ ಬಣ್ಣದ ಪ್ರಸ್ತಾಪವೇ ಇಲ್ಲದಿದ್ದರೆ ಅದೇ ಸಭೆಯಲ್ಲಿ ಸೇರಿಸಿಕೊಳ್ಳಿ.

ಲಾಂಛನದ ವಿಷಯ ಸ್ವಲ್ಪ ಸೂಕ್ಷ್ಮ. ಸಲಗವನ್ನು ಬರೆದುಕೊಟ್ಟವರು ಯಾರು? ನಮ್ಮ ಕಡೆ ಬೋರ್ಡ್ ಬರೆಯುವ ಸ್ನೇಹಿತರೊಬ್ಬರು ಪುಕ್ಕಟೆಯಾಗಿ ಬರೆದುಕೊಟ್ಟಿರುವುದೇ ಹೆಚ್ಚು. ಹಾಗಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಆ ಚಿತ್ರದ ಹಕ್ಕು ಬರೆದವರದ್ದೇ ಆಗಿರುತ್ತದೆ, ಅವರು ಬರವಣಿಗೆಯಲ್ಲಿ ಸಹಿ ಹಾಕಿ ವರ್ಗಾಯಿಸುವ ತನಕ ಕ್ಲಬ್ಬಿಗೆ ಬರುವುದಿಲ್ಲ. ಅವರಿಂದ ಒಂದು ಪುಟದ ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಆಮೇಲೆ ಹೆಸರನ್ನೂ ಸಲಗವನ್ನೂ 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ಕ್ಲಬ್ಬಿನ ಹೆಸರಿನಲ್ಲಿ ನೋಂದಾಯಿಸಿ. ಹತ್ತು ವರ್ಷಕ್ಕೊಮ್ಮೆ ನವೀಕರಿಸಿದರೆ ಸಾಕು. ಬರಿಯ ಬಣ್ಣಕ್ಕೆ ಅಂಥ ರಕ್ಷಣೆ ಸಿಗುವುದು ಬಹಳ ಕಷ್ಟ, ಆದ್ದರಿಂದ ಅದನ್ನು ಬೈಲಾ ಮತ್ತು ಒಪ್ಪಂದಗಳಲ್ಲೇ ಕಟ್ಟಿಹಾಕಬೇಕು. ಇಂಗ್ಲೆಂಡಿನವರು ಕಾರ್ಡಿಫ್‌ನಂಥ ಪ್ರಕರಣಗಳಿಂದ ಪಾಠ ಕಲಿತು, 2025ರಲ್ಲಿ ತಂದ ಫುಟ್ಬಾಲ್ ಆಡಳಿತ ಕಾಯ್ದೆಯಲ್ಲಿ ತವರು ಜರ್ಸಿಯ ಬಣ್ಣ ಮತ್ತು ಲಾಂಛನ ಬದಲಿಸಲು ಅಭಿಮಾನಿಗಳ ಬಹುಮತದ ಬೆಂಬಲ ಬೇಕೆಂದು ಮಾಡಿದ್ದಾರೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ನಿಮ್ಮ ಬೈಲಾವೇ ನಿಮ್ಮ ಕಾಯ್ದೆ.

ಉದ್ಯಮಿಯ ಮುಂದೆ ಬರಿಗೈಯಲ್ಲಿ ಹೋಗಿ ಆಗುವುದಿಲ್ಲ ಎನ್ನಬೇಡಿ. ಅವರಿಗೆ ಬೇಕಾಗಿರುವುದು ತಮ್ಮ ಹೆಸರು ಜನರ ಕಣ್ಣಿಗೆ ಬೀಳುವುದು, ಅದು ನ್ಯಾಯವಾದ ಬಯಕೆ. ಹಳದಿ ಜರ್ಸಿಯ ಎದೆಯ ಮೇಲೆ ಕಪ್ಪಿನಲ್ಲಿ ಬರೆದ ಹೆಸರು ಕಂದಿನ ಮೇಲೆ ಹಸಿರಿನಲ್ಲಿ ಬರೆದದ್ದಕ್ಕಿಂತ ದೂರಕ್ಕೆ ಕಾಣುತ್ತದೆ ಎಂಬುದನ್ನು ಎರಡು ಅಂಗಿ ಹೊಲಿಸಿ, ಮೈದಾನದ ಆಚೆ ಬದಿಯಲ್ಲಿ ತೊಡಿಸಿ ನಿಲ್ಲಿಸಿ ಅವರಿಗೇ ತೋರಿಸಿ. ಎದುರಾಳಿಯೂ ಹಳದಿಯಾದಾಗ ತೊಡುವ ಎರಡನೇ ಜರ್ಸಿಗೆ ಅವರ ಹಸಿರನ್ನು, ಸ್ವಲ್ಪ ತಿಳಿಯಾಗಿಸಿ, ಬಳಸಬಹುದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2014ರಲ್ಲಿ ಇದರ ತದ್ವಿರುದ್ಧ ನಡೆಯಿತು: ಮ್ಯಾಂಚೆಸ್ಟರ್ ಸಿಟಿಯ ಒಡೆಯರು ಅಲ್ಲಿನ ಕೆಂಪು-ಬಿಳಿ ತಂಡವನ್ನು ಕೊಂಡು ತಮ್ಮ ತಿಳಿ ನೀಲಿಯನ್ನು ತರಲು ಹೊರಟಾಗ, ಆ ಬಣ್ಣ ಮೊದಲಿನಿಂದ ತಮ್ಮದೆಂದು ಸಿಡ್ನಿಯ ತಂಡ ಆಕ್ಷೇಪಿಸಿತು, ಹಾಗಾಗಿ ತವರಿನ ಜರ್ಸಿ ಕೆಲವು ಕಾಲ ಬಿಳಿಯಾಗಿ ಉಳಿಯಿತು, ಹಳೆಯ ಕೆಂಪು-ಬಿಳಿ ಹೊರ ಊರಿನ ಪಂದ್ಯಗಳ ಜರ್ಸಿಗೆ ಸರಿಯಿತು. ನೀವು ತವರನ್ನು ಇಟ್ಟುಕೊಂಡು ಹೊರಗಿನದನ್ನು ಕೊಡಿ. ಒಪ್ಪಂದದಲ್ಲಿ ಅವಧಿ, ಹಣ ಬರುವ ತಾರೀಕುಗಳು, ಒಂದು ಕಂತು ತಪ್ಪಿದರೂ ಅವರ ಹೆಸರು ಜರ್ಸಿಯಿಂದ ಇಳಿಯುವ ಷರತ್ತು, ಮುಗಿದ ದಿನ ಎಲ್ಲವೂ ಮೊದಲಿನಂತಾಗುವ ಷರತ್ತು ಇರಲಿ. ಇಷ್ಟಕ್ಕೂ ಒಪ್ಪದೆ ಬಣ್ಣವೇ ಬೇಕೆಂದು ಹಟ ಹಿಡಿದರೆ, 25 ಲಕ್ಷವನ್ನು ಬಿಟ್ಟುಬಿಡಿ ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಕೊನೆಯದಾಗಿ ಹಳೆಯ ಜರ್ಸಿಗಳು. ಅವನ್ನು ಒಪ್ಪಿಸಬೇಡಿ. ಸಂಘದ ಹಣದಲ್ಲಿ ಹೊಲಿಸಿದವು ಸಂಘದ ಸ್ವತ್ತು, ಆಟಗಾರರು ತಾವೇ ಕೊಂಡವು ಅವರವರದ್ದು. ಪ್ರತಿ ವರ್ಷದ್ದೂ ಒಂದೊಂದನ್ನು ಕೇಳಿ ಪಡೆದು, ದಾಸ್ತಾನು ಪುಸ್ತಕದಲ್ಲಿ ಬರೆದು, ಮಳೆಗಾಲಕ್ಕೆ ಮುಂಚೆ ನೆರಳಿನಲ್ಲಿ ಒಣಗಿಸಿ, ಬೂಷ್ಟು ಹಿಡಿಯದಂತೆ ತಗಡಿನ ಟ್ರಂಕಿನಲ್ಲಿಡಿ. ಬೈಲಾದಲ್ಲಿ ಬಣ್ಣವನ್ನು ಬರೆಯುವಾಗ ಬರೀ ಹಳದಿ ಎಂದು ಬರೆದರೆ ಸಾಲದು. ಬಟ್ಟೆಯವರ ಹಳದಿ ನಿಂಬೆಹಣ್ಣಿನಿಂದ ಅರಿಸಿನದ ತನಕ ಎಲ್ಲಿ ಬೇಕಾದರೂ ನಿಲ್ಲುತ್ತದೆ, ನಾಲ್ಕು ಸಲ ಹೊಲಿಸಿದರೆ ನಾಲ್ಕು ಬಗೆಯಾಗುತ್ತದೆ. ಇರುವುದರಲ್ಲೇ ಅತಿ ಹಳೆಯ ಅಂಗಿಯನ್ನು ತೆಗೆದು, ಒಳಹೊಲಿಗೆಯ ಅಂಚನ್ನು ಸ್ವಲ್ಪ ಬಿಚ್ಚಿ ನೋಡಿ. ಹೊರಗೆ ಬಿಸಿಲಿಗೆ ಮಾಸಿದ್ದರೂ ಆ ಮಡಿಕೆಯೊಳಗೆ ಮೊದಲ ದಿನದ ಹಳದಿ ಹಾಗೆಯೇ ಇರುತ್ತದೆ. ಅಲ್ಲಿಂದ ಎರಡು ಬೆರಳಗಲದ ತುಂಡು ಕತ್ತರಿಸಿ, ಸಭೆಯ ನಡಾವಳಿ ಪುಸ್ತಕದಲ್ಲಿ ನಿರ್ಣಯದ ಪಕ್ಕಕ್ಕೆ ಅಂಟಿಸಿ, ಅದರ ಮೇಲೆ ಅಧ್ಯಕ್ಷರ ಸಹಿ ಹಾಕಿಸಿ.